ಲಾರಿಗಳಿಗೆ ಬಿಸಿನೀರು ಕಾಯಿಸುತ್ತಿದ್ದ ಅಕ್ಕ

ಅಕ್ಕ ತೀರಿಕೊಂಡಳೆಂದು ನನಗೆ ಗೊತ್ತಾಗುವ ಹೊತ್ತಿಗೆ ಮಣ್ಣೂ ಆಗಿಹೋಗಿತ್ತು. ತಿಪಟೂರಿನಲ್ಲಿ ಲಾರಿ ರಿಪೇರಿ ಶೆಡ್ ಇಟ್ಟುಕೊಂಡಿರುವ ಭಾಯಿ ಫೋನ್ ಮಾಡಿದ್ದರು. "ಬಿಸ್ನೀರಕ್ಕ ಹೋಗ್ಬಿಟ್ರಂತೆ ಕಣಪ್ಪ. ತುರುವೇಕೆರೆ ಕಡೆ ಡ್ರೈವರ್ ಒಬ್ಬ ಈಗ ಬಂದು ಹೇಳ್ದ," ಅಂದರು. ಆ ಕಡೆ ಶೆಡ್ಡಿನಲ್ಲಿ ಯಾವುದೋ ಇಂಜಿನ್ ಓಡುತ್ತಿತ್ತು. ಅದನ್ನು ನಿಲ್ಲಿಸಲು ಭಾಯಿ ಯಾರಿಗೋ ಕೂಗಿ ಹೇಳಿದ್ದು ಕೇಳಿಸಿತು.

ಅಕ್ಕನ ಪರಿಚಯವಾದ ಕಾಲದಲ್ಲಿ ನಾನು ಹಂದನಕೆರೆ ಸುತ್ತಲಿನ ತೋಟಗಳಿಂದ ತೆಂಗಿನ ಮಟ್ಟೆ ತುಂಬಿಕೊಂಡು ನಾರಿನ ಫ್ಯಾಕ್ಟರಿಗಳಿಗೆ ಹಾಕುವ ಲಾರಿ ಓಡಿಸುತ್ತಿದ್ದೆ. ಲಾರಿ ಒಬ್ಬ ಸಾಹುಕಾರರದು. ಅದು ನನ್ನ ಕೈಗೆ ಬಂದಾಗಲೇ ಮುದಿಯಾಗಿತ್ತು. ರಾತ್ರಿ ತಿಪಟೂರಿನ ಹಳೆಯ ಲಾರಿ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕ್ಯಾಬಿನ್ನಿನಲ್ಲೇ ಮಲಗುತ್ತಿದ್ದೆ. ಸ್ಟ್ಯಾಂಡಿನ ಕೊನೆಯಲ್ಲಿ ಅಕ್ಕನ ಹೋಟೆಲ್. ಮುಂದೆ ತಗಡಿನ ಚಪ್ಪರ, ಹಿಂದೆ ಒಂದೇ ಒಂದು ಕೋಣೆ. ಚಪ್ಪರದ ಮೂಲೆಯಲ್ಲಿ ಕಲ್ಲಿನ ಒಲೆ, ಅದರ ಮೇಲೆ ಮಸಿ ಹಿಡಿದ ದೊಡ್ಡ ಹಂಡೆ. ಬೆಳಕು ಹರಿಯುವ ಮೊದಲೇ ಕರಟ ಒಟ್ಟಿ ಉರಿ ಮಾಡಿ ಹಂಡೆ ತುಂಬ ನೀರು ಕಾಯಿಸಿಡುತ್ತಿದ್ದಳು. ಆ ನೀರು ನಮ್ಮ ಸ್ನಾನಕ್ಕಲ್ಲ, ಲಾರಿಗಳಿಗೆ.

ಕಾರ್ತಿಕ ಕಳೆದ ಮೇಲೆ ನಮ್ಮ ಕಡೆ ಬೆಳಗಿನ ಹೊತ್ತು ತೋಟಗಳ ಮೇಲೆ ಮಂಜು ಕೂತಿರುತ್ತದೆ. ಉತ್ತರ ಭಾರತಕ್ಕೆ ಹೋಗಿ ಬಂದ ಡ್ರೈವರುಗಳು ಇದನ್ನು ಚಳಿ ಅಂದರೆ ನಗುತ್ತಾರೆ. ಆದರೆ ಸವೆದ ಇಂಜಿನ್ನಿಗೂ ಸೋತ ಬ್ಯಾಟರಿಗೂ ಅಷ್ಟು ಚಳಿಯೇ ಸಾಕು. ಕೀ ತಿರುಗಿಸಿದರೆ ಇಂಜಿನ್ ಎಬ್ಬಿಸುವ ಸೆಲ್ಫು ಗೊರ್… ಗೊರ್… ಎಂದು ಎಳೆದು ಎಳೆದು ನಿಂತುಬಿಡುತ್ತಿತ್ತು. ಆಗ ಕೊಡ ಹಿಡಿದು ಅಕ್ಕನ ಹತ್ತಿರ ಓಡಬೇಕು. ರೇಡಿಯೇಟರಿನ ತಣ್ಣೀರು ಬಿಟ್ಟು ಬಿಸಿನೀರು ತುಂಬಬೇಕು, ಡೀಸಲ್ ಪಂಪಿನ ಮೇಲೆ ಬಿಸಿನೀರಲ್ಲಿ ಅದ್ದಿದ ಗೋಣಿಚೀಲ ಹೊದಿಸಬೇಕು. ಮತ್ತೆ ಸೆಲ್ಫು ಹೊಡೆದರೆ ಒಂದೆರಡು ಸಲ ಕೆಮ್ಮಿ, ಬಿಳಿ ಹೊಗೆ ಕಾರಿ, ಧಡಧಡ ಅಂತ ಎದ್ದುಕೊಳ್ಳುತ್ತಿತ್ತು. ಎದ್ದ ಮೇಲೂ ಹೊರಡುವಂತಿಲ್ಲ. ಬ್ರೇಕಿನ ಗಾಳಿ ತುಂಬುವವರೆಗೆ ಡ್ಯಾಷ್‌ಬೋರ್ಡಿನಲ್ಲಿ ಬಜರ್ ಕೀರಲು ದನಿಯಲ್ಲಿ ಕಿರುಚುತ್ತಿರುತ್ತದೆ. ಇಂಜಿನ್ ಬಿಸಿಯಾದಂತೆ ಬಡಿತ ಮೆತ್ತಗಾಗುತ್ತದೆ, ಬಜರ್ ನಿಲ್ಲುತ್ತದೆ, ಹೆಚ್ಚಾದ ಗಾಳಿ ಫುಸ್ಸೆಂದು ಹೊರಬರುತ್ತದೆ. ಆಮೇಲೆ ಗೇರು.

ಯಾರಾದರೂ ಅವಸರಕ್ಕೆ ಬಿದ್ದು, ತಣ್ಣಗಿರುವ ಇಂಜಿನ್ನನ್ನೇ ರೇಸ್ ಮಾಡಿದರೆ ಅಕ್ಕ ಸೌಟು ಹಿಡಿದೇ ಹೊರಗೆ ಬರುತ್ತಿದ್ದಳು. "ಏಯ್, ಎದ್ದ ತಕ್ಷಣ ನಿನ್ನ ಓಡ್ಸುದ್ರೆ ಓಡ್ತೀಯೇನ್ಲಾ? ಕಾಲು ತಗಿ ಮೊದ್ಲು!" ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ, ತಲೆಗೆ ಸುತ್ತಿದ ಟವಲು. ಕುಡಿದು ಬಂದವನಿಗೆ ಟೀ ಕೊಟ್ಟರೂ ಕೊಟ್ಟಾಳು, ಬಿಸಿನೀರು ಕೊಡುತ್ತಿರಲಿಲ್ಲ. "ಅವನ ಗಾಡಿ ಇಲ್ಲೇ ಬಿದ್ದಿರ್ಲಿ. ರೋಡಲ್ಲಿ ಹೋಗೋರಾದ್ರೂ ಉಳ್ಕಳ್ಳಿ," ಅನ್ನುತ್ತಿದ್ದಳು. ಆಕೆ ಕೂತು ಉಂಡದ್ದನ್ನು ನಾನು ನೋಡಿಲ್ಲ. ಮಾತಿನ ನಡುವೆ ಎಲ್ಲಿಯಾದರೂ ಸೆಲ್ಫಿನ ಸದ್ದು ಕೇಳಿದರೆ ಅಂಗೈ ಎತ್ತಿ ನಮ್ಮನ್ನೆಲ್ಲ ಸುಮ್ಮನಾಗಿಸಿ ಒಳಗೆ ಓಡುತ್ತಿದ್ದಳು. ಯಾಕೆ ಓಡುತ್ತಾಳೆ ಅನ್ನುವುದು ನನಗೆ ಮೊದಮೊದಲು ತಿಳಿದಿರಲಿಲ್ಲ.

ಒಂದು ಸಂಜೆ ನಾನು ಗಾಡಿ ನಿಲ್ಲಿಸುವಾಗ ಬಂದು, "ನಿನ್ನ ಗಾಡಿ ಇನ್ಮೇಲೆ ಆ ಕಿಟಕಿ ಪಕ್ಕಕ್ಕೆ ಹಾಕಪ್ಪ. ಮೂತಿ ಕಿಟಕಿ ಕಡೆಗಿರ್ಲಿ," ಅಂದಳು.

"ಹೊಗೆಯೆಲ್ಲ ನಿನ್ನ ಕೋಣೆಗೇ ಬತ್ತದಲ್ಲಕ್ಕ."

"ಬರ್ಲಿ ಬುಡು."

ಮಾರನೆಯ ಬೆಳಿಗ್ಗೆ ನಾನು ಹತ್ತುವ ಮೊದಲೇ ಬೇರೊಬ್ಬ ಡ್ರೈವರನ್ನು ನನ್ನ ಕ್ಯಾಬಿನ್ನಿಗೆ ಹತ್ತಿಸಿ, ನನ್ನ ತೋಳು ಹಿಡಿದು ಕೋಣೆಗೆ ಕರೆದುಕೊಂಡು ಹೋದಳು. ಒಳಗೆ ಮಂಚದ ಮೇಲೆ ಆಕೆಯ ಗಂಡ ಮಲಗಿದ್ದರು. ಅವರಿಗೆ ಲಕ್ವ ಹೊಡೆದಿದೆ ಎಂದು ಕೇಳಿದ್ದೆನೇ ಹೊರತು ನೋಡಿದ್ದು ಅದೇ ಮೊದಲು. ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಕಣ್ಣು ಸೂರಿನ ಕಡೆ ನೆಟ್ಟಿತ್ತು. ನಾನು ಹತ್ತಿರ ಹೋಗಿ, "ಯಜಮಾನ್ರೇ," ಅಂದೆ. ಏನೂ ಇಲ್ಲ. ಅಕ್ಕ ಕಿಟಕಿಯಿಂದ, "ಹೊಡಿಯೋ!" ಎಂದು ಕೂಗಿದಳು.

ಹೊರಗೆ ಸೆಲ್ಫು ಗೊರ್ ಅಂದಿತು. ಕಂಬಳಿಯೊಳಗೆ ಅವರ ಎಡಗಾಲು ನಿಧಾನವಾಗಿ ಚಾಚಿಕೊಂಡಿತು. ಪಾದ ಕೆಳಗೆ ಒತ್ತಿ ಹಾಗೇ ನಿಂತಿತು.

"ನೋಡ್ದಾ? ಕ್ಲಚ್ ತುಳೀತಾವ್ರೆ," ಅಂದಳು.

ಚಳಿಯಲ್ಲಿ ಸೆಲ್ಫು ಹೊಡೆಯುವಾಗ ನಾವು ಎಡಗಾಲಿನಲ್ಲಿ ಕ್ಲಚ್ಚನ್ನು ಪೂರ್ತಿ ತುಳಿದಿರುತ್ತೇವೆ. ಹಾಗೆ ಮಾಡಿದರೆ ಇಂಜಿನ್ನಿಗೆ ಗೇರ್‌ಬಾಕ್ಸಿನ ಭಾರ ಬೀಳುವುದಿಲ್ಲ. ಹೊರಗೆ ಇಂಜಿನ್ ಎದ್ದುಕೊಂಡಿತು, ಬಜರ್ ಕಿರುಚಿತು. ಗಾಳಿ ತುಂಬಿ ಬಜರ್ ನಿಂತಾಗ ಅವರ ಕಾಲು ಸಡಿಲವಾಯಿತು, ಬಾಯಿ ಚೂರು ತೆರೆದುಕೊಂಡಿತು. ಅಕ್ಕ ಮೊದಲೇ ಆರಿಸಿಟ್ಟಿದ್ದ ರಾಗಿ ಅಂಬಲಿಯನ್ನು ಚಮಚದಲ್ಲಿ ಹಾಕುತ್ತ ಹೋದಳು. ಬಟ್ಟಲು ಖಾಲಿಯಾಗುವವರೆಗೆ ನುಂಗಿದರು.

ದಿನದಲ್ಲಿ ಅವರು ಬಾಯಿ ತೆರೆಯುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ. ಮಿಕ್ಕ ಹೊತ್ತಿನಲ್ಲಿ ಹಾಲು, ನೀರು ಏನು ಹಾಕಿದರೂ ಒಂದೆರಡು ಹನಿ ಬಿಟ್ಟು ಉಳಿದದ್ದೆಲ್ಲ ಕಟವಾಯಿಯಲ್ಲಿ ಹರಿದು ಹೋಗುತ್ತಿತ್ತು. ಬೈಕು, ಬಸ್ಸು, ಟ್ರಾಕ್ಟರು ಎಷ್ಟು ಸದ್ದು ಮಾಡಿದರೂ ಕಾಲು ಅಲ್ಲಾಡುತ್ತಿರಲಿಲ್ಲ. ರಾತ್ರಿಯೆಲ್ಲ ತಣ್ಣಗೆ ನಿಂತ ಹಳೆಯ ಲಾರಿಯೇ ಏಳಬೇಕು. ಮಧ್ಯಾಹ್ನ ಬಿಸಿ ಇಂಜಿನ್ನಿಗೆ ಕೀ ಕೊಟ್ಟರೆ ಪ್ರಯೋಜನವಿಲ್ಲವೆಂದು ಅಕ್ಕ ಎಷ್ಟೋ ಸಲ ಮಾಡಿಸಿ ನೋಡಿದ್ದಳು. ಗಾಡಿಗಳು ಸಲೀಸಾಗಿ ಎದ್ದುಬಿಡುವ ಬೇಸಿಗೆಯಲ್ಲಿ ಅವರು ಸೊರಗುತ್ತಿದ್ದರು, ಚಳಿ ಬಂದರೆ ಚೇತರಿಸಿಕೊಳ್ಳುತ್ತಿದ್ದರು.

ಅವರು ತಿಪಟೂರಿನ ಉಂಡೆ ಕೊಬ್ಬರಿ ತುಂಬಿಕೊಂಡು ಉತ್ತರಕ್ಕೆ ಹೋಗುತ್ತಿದ್ದ ಡ್ರೈವರು. ಅಲ್ಲಿನ ಚಳಿಯಲ್ಲಿ ಒಂದು ಮುಂಜಾನೆ ಗಾಡಿ ಎಬ್ಬಿಸಲು ಕ್ಯಾಬಿನ್ ಹತ್ತಿದ್ದಾರೆ. ಕೀ ತಿರುಗಿಸಿದವರು ಸ್ಟಿಯರಿಂಗಿನ ಮೇಲೇ ಕುಸಿದಿದ್ದಾರೆ. ಜೊತೆಗಿದ್ದ ಇನ್ನೊಬ್ಬ ಡ್ರೈವರು ಆಸ್ಪತ್ರೆಗೆ ಸೇರಿಸಿ, ಆಮೇಲೆ ಊರಿಗೆ ತಂದುಬಿಟ್ಟ. "ಅವತ್ತು ತುಳಿದ ಕ್ಲಚ್ಚು ಇನ್ನೂ ಬುಟ್ಟಿಲ್ಲ ಕಣಪ್ಪ ಇವರು," ಎಂದು ಅಕ್ಕ ಹೇಳಿದಳು. ಅದನ್ನು ಹೇಳುವಾಗ ಬಟ್ಟಲು ತೊಳೆಯುತ್ತಿದ್ದಳು.

ಆಸ್ಪತ್ರೆಯ ಡಾಕ್ಟರು ಒಳ್ಳೆಯವರು. ಒಂದು ಸಲ ಹೋಟೆಲಿಗೇ ಬಂದು ನೋಡಿದರು. ಕಾಲು ಅಲ್ಲಾಡುವುದು ಮೈಯ ಅಭ್ಯಾಸವಿರಬಹುದು, ತಿಳಿವಳಿಕೆಯಿಂದ ತುಳಿಯುತ್ತಿದ್ದಾರೆ ಎಂದು ನಂಬಿ ಕೂರಬೇಡಮ್ಮ ಎಂದು ಮೆತ್ತಗೆ ಹೇಳಿದರು. ಅಕ್ಕ, "ಆಗ್ಲಿ ಸಾರ್. ತಿಳೀದೆ ಇದ್ರೂ ಪರ್ವಾಗಿಲ್ಲ. ಉಂಡ್ರೆ ಸಾಕು," ಅಂದಳು.

ಹೀಗೆ ಕೆಲವು ಚಳಿಗಾಲ ಕಳೆದವು. ಆಮೇಲೆ ಹಳೆಯ ಲಾರಿಗಳು ಒಂದೊಂದೇ ಕಾಣೆಯಾದವು. ಹೊಸ ಗಾಡಿಗಳಿಗೆ ಚಳಿ ಗೊತ್ತಿಲ್ಲ. ಕೀ ತಿರುಗಿಸಿದ ಕ್ಷಣಕ್ಕೆ ಎದ್ದು, ಗುಂಯ್ ಅಂದು ಹೊರಟೇ ಹೋಗುತ್ತವೆ. ಬಿಸಿನೀರು ಕೇಳುವವರು ಇಲ್ಲವಾದರು. ಲಾರಿ ಸ್ಟ್ಯಾಂಡೂ ಊರಾಚೆಯ ಬೈಪಾಸಿಗೆ ಹೋಯಿತು. ಹಳೆಯ ಜಾಗದಲ್ಲಿ ಕಾರುಗಳು ನಿಲ್ಲತೊಡಗಿದವು. ಅಕ್ಕ ಹೋಟೆಲು ಬಿಟ್ಟು ಹೋಗಲಿಲ್ಲ, ಹೋಗುವುದಾದರೂ ಮಂಚ ಹೊತ್ತು ಎಲ್ಲಿಗೆ? ನಾನು ಮಾತ್ರ ಮಟ್ಟೆ ಇಳಿಸಿದ ಮೇಲೆ ಊರೊಳಗೆ ಬಂದು ಅದೇ ಕಿಟಕಿಯ ಪಕ್ಕ ನಿಲ್ಲಿಸುತ್ತಿದ್ದೆ.

ನಾನು ದೂರದ ಬಾಡಿಗೆಗೆ ಹೋದ ದಿನಗಳಲ್ಲಿ ಅಕ್ಕ ಬೈಪಾಸಿಗೆ ನಡೆದು ಹೋಗುತ್ತಿದ್ದಳಂತೆ. ಹಳೆಯ ಗಾಡಿ ಕಂಡರೆ ರಸ್ತೆಗೇ ಇಳಿದು ಕೈ ಅಡ್ಡ ಹಿಡಿಯುತ್ತಿದ್ದಳಂತೆ. ರಾತ್ರಿ ನಮ್ಮ ಹೋಟೆಲ್ ಹತ್ತಿರ ನಿಲ್ಲಿಸಿ, ಊಟ ಹಾಕ್ತೀನಿ, ಬೆಳಿಗ್ಗೆ ಅಲ್ಲಿಂದ ಹೊರಡಿ ಎಂದು ಕೈಮುಗಿಯುತ್ತಿದ್ದಳಂತೆ. ಡ್ರೈವರುಗಳನ್ನು ಗದರಿಸಿಯೇ ಗೊತ್ತಿದ್ದ ಹೆಂಗಸು. ಕೆಲವರು ಬಂದರು. ಒಂದೆರಡು ದಿನ ಬಂದವರು ಮತ್ತೆ ಬರಲಿಲ್ಲ. ಹುಚ್ಚು ಹಿಡಿದಿದೆ ಅಂದುಕೊಂಡವರೂ ಇದ್ದರು.

ನಾನು ಒಂದು ಉಪಾಯ ಮಾಡಿದೆ. ನನ್ನ ಲಾರಿ ಏಳುವ ಸದ್ದನ್ನು ಸೆಲ್ಫಿನಿಂದ ಹಿಡಿದು ಗಾಳಿ ಬಿಡುವವರೆಗೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಆಕೆಯ ಫೋನಿಗೆ ಹಾಕಿಕೊಟ್ಟೆ. ಮೊದಲ ದಿನ ಕಾಲಿನ ಹೆಬ್ಬೆರಳು ಅಲ್ಲಾಡಿತಂತೆ. ಆಮೇಲೆ ಅದೂ ಇಲ್ಲ. ಸದ್ದು ಜೋರಾಗಲೆಂದು ಫೋನನ್ನು ಪಾತ್ರೆಯೊಳಗಿಟ್ಟು ನೋಡಿದಳು, ಅವರ ಕಾಲಿನ ಕೆಳಗೇ ಇಟ್ಟು ನೋಡಿದಳು. "ಅದ್ರಲ್ಲಿ ನೆಲ ನಡುಗಲ್ಲ ಕಣಪ್ಪ," ಅಂದಳು ಕೊನೆಗೆ.

ಆ ವರ್ಷದ ಚಳಿ ಶುರುವಾಗುವ ಹೊತ್ತಿಗೆ ನನ್ನ ಗಾಡಿಯ ಅವಧಿಯೂ ಮುಗಿಯಿತು. ಸಾಹುಕಾರರು ಅದನ್ನು ಗುಜರಿಗೆ ಮಾತಾಡಿ ಭಾಯಿಯ ಶೆಡ್ಡಿನಲ್ಲಿ ನಿಲ್ಲಿಸಿದರು. ಗಾಡಿ ಗುಜರಿಗೆ ಹೋಯ್ತಾ ಎಂದು ಅಕ್ಕನೇ ಕೇಳಿದಳು, ನಾನು ಹೌದೆಂದು ತಲೆಯಾಡಿಸಿದೆ. ಅಲ್ಲಿಂದ ಮೂರ್ನಾಲ್ಕು ದಿನ ನಾನು ಅತ್ತ ಹೋಗಲಿಲ್ಲ. ಹೊಸ ಕೆಲಸ ಹುಡುಕುತ್ತ ಅರಳಗುಪ್ಪೆಯ ಕಡೆ ಅಲೆಯುತ್ತಿದ್ದೆ.

ಮತ್ತೆ ಹೋದದ್ದು ಒಂದು ಬೆಳಗಿನ ಹೊತ್ತು. ಹೋಟೆಲಿನ ಒಲೆ ಉರಿದಿರಲಿಲ್ಲ. ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಒಳಗಿನಿಂದ ವಿಚಿತ್ರ ಸದ್ದು. ಇಣುಕಿದರೆ ಅಕ್ಕ ಮಂಚದ ಕಾಲ ಹತ್ತಿರ ನೆಲದಲ್ಲಿ ಕೂತಿದ್ದಾಳೆ. ಬಾಯಲ್ಲಿ ಗೊರ್… ಗೊರ್… ಅನ್ನುತ್ತಿದ್ದಾಳೆ. ಖಾಲಿ ಎಣ್ಣೆ ಡಬ್ಬವನ್ನು ಮುಷ್ಟಿಯಿಂದ ಬಡಿಯುತ್ತಿದ್ದಾಳೆ. ಉಸಿರು ಸಾಲದೆ ನಿಲ್ಲಿಸುತ್ತಾಳೆ, ಕಂಬಳಿಯ ಕಡೆ ನೋಡುತ್ತಾಳೆ, ಮತ್ತೆ ಶುರು ಮಾಡುತ್ತಾಳೆ. ಬಜರಿನ ಕೀರಲು ದನಿ ತೆಗೆಯಲು ಹೋಗಿ ಗಂಟಲು ಒಡೆದು ಕೆಮ್ಮಿದಳು. ನನ್ನನ್ನು ಕಂಡಾಗ ನಾಚಲಿಲ್ಲ.

"ನೀನು ಹೊಡೀ. ನಿಂಗೆ ಇನ್ನೂ ಚೆನ್ನಾಗಿ ಗೊತ್ತು," ಎಂದು ಡಬ್ಬವನ್ನು ನನ್ನ ಕಡೆ ತಳ್ಳಿದಳು.

ನಾನೂ ಕೂತು ಡಬ್ಬ ಬಡಿದೆ. ಇಬ್ಬರೂ ಸೇರಿ ಇಂಜಿನ್ನಾದೆವು. ಕಾಲು ಅಲ್ಲಾಡಲಿಲ್ಲ.

ಆಗ ಅಕ್ಕ ಗೋಡೆಗೆ ಒರಗಿ, ನಾನು ಕೇಳದೆಯೇ ಮಾತಾಡಿದಳು. "ಮದ್ವೆ ಆದಾಗಿಂದ ಈ ಮನುಷ್ಯ ಮನೇಲಿದ್ದದ್ದು ತಿಂಗಳಲ್ಲಿ ನಾಕ್ ದಿನ. ಬಂದ್ರೂ ಗಾಡಿ ಹತ್ರನೇ. ಬಿದ್ದು ಮನೆಗೆ ಬಂದಾಗ ಪಾಪ ಅನ್ನಿಸ್ತು, ಒಳ್ಗೊಳ್ಗೆ ಸದ್ಯ ಈಗ್ಲಾದ್ರೂ ನನ್ ಹತ್ರ ಇರ್ತಾರಲ್ಲ ಅಂತಾನೂ ಅನ್ನಿಸ್ತು. ಹೊತ್ತು, ತೊಳ್ದು, ಉಣ್ಸಿ ಎಲ್ಲಾ ಮಾಡ್ದೆ. ನನ್ ಮಾತಿಗೆ ಒಂದ್ ದಿನ ಕಣ್ಣು ತಿರುಗ್ಸಲಿಲ್ಲ. ಆ ಹಾಳು ಲಾರಿ ಕೆಮ್ಮುದ್ರೆ ಬಾಯಿ ಬುಡ್ತಾರೆ. ನಾನು ಯಾರು ಇವರಿಗೆ?"

ನಾನು ಆಸ್ಪತ್ರೆಗೆ ಸೇರಿಸೋಣ ಎಂದೆ. ಸೇರಿಸಿದೆವು. ಮೂಗಿನಲ್ಲಿ ನಳಿಗೆ ಹಾಕಿ ಹಾಲು ಬಿಟ್ಟರು. ಯಜಮಾನರು ಎಡಗೈಯಿಂದ ಅದನ್ನು ಕಿತ್ತುಹಾಕಿದರು. ಆಸ್ಪತ್ರೆಯವರು ಮತ್ತೆ ಹಾಕಿದರು, ಇವರು ಮತ್ತೆ ಕಿತ್ತರು. ಕೈ ಕಟ್ಟಲು ಅಕ್ಕ ಒಪ್ಪಲಿಲ್ಲ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಹೆಚ್ಚು ದಿನ ಇಲ್ಲ, ಮನೆಯಲ್ಲೇ ನೆಮ್ಮದಿಯಾಗಿರಲಿ ಎಂದರು. ನಾನು ಅಕ್ಕನಿಗೆ ಹೇಳಿದಾಗ ಆಕೆ ಕೇಳಿದ್ದು ಒಂದೇ ಮಾತು. "ನಿನ್ನ ಗಾಡಿ ಇನ್ನೂ ಶೆಡ್ಡಲ್ಲೇ ಐತಾ?"

ಮಾರನೆಯ ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಹಾಸಿಗೆ ಹಾಸಿ ಅವರನ್ನು ಶೆಡ್ಡಿಗೆ ಕರೆದೊಯ್ದೆವು. ಮಂಜು ಇನ್ನೂ ಬಿಟ್ಟಿರಲಿಲ್ಲ. ಲಾರಿಯ ಮುಂದಿನ ಚಕ್ರದ ಪಕ್ಕ ಹಾಸಿಗೆ ಸಮೇತ ಇಳಿಸಿ ಕಂಬಳಿ ಹೊದಿಸಿದೆವು. ಅಕ್ಕ ಹಾಲಿನ ಕ್ಯಾನುಗಳಲ್ಲಿ ಬಿಸಿನೀರು ತಂದಿದ್ದಳು, ಒಂದು ಫ್ಲಾಸ್ಕಿನಲ್ಲಿ ಅಂಬಲಿ.

"ಇದು ಏಳಲ್ಲಕ್ಕ," ಅಂದರು ಭಾಯಿ. "ಬ್ಯಾಟರಿ ಬಿಚ್ಚಿದೀನಿ. ಡೀಸಲ್ ಪೈಪಲ್ಲೆಲ್ಲ ಗಾಳಿ ಕೂತದೆ."

"ಬೇರೆ ಬ್ಯಾಟರಿ ಹಾಕು ಭಾಯಿ. ನಿನ್ನ ಕಾಲಿಗೆ ಬೀಳ್ತೀನಿ."

"ಯಾ ಅಲ್ಲಾ, ಹಂಗೆಲ್ಲ ಅನ್ಬೇಡಿ," ಎಂದು ಭಾಯಿ ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಬೇರೊಂದು ಲಾರಿಯ ಬ್ಯಾಟರಿ ಬಿಚ್ಚಿ ತಂದರು. ನಾನು ರೇಡಿಯೇಟರಿಗೆ ಬಿಸಿನೀರು ಹೊಯ್ದೆ, ಪಂಪಿಗೆ ಗೋಣಿ ಹೊದಿಸಿದೆ. ಭಾಯಿ ಪೈಪು ಸಡಿಲಿಸಿ ಕೈಪಂಪು ಒತ್ತಿ ಗಾಳಿ ತೆಗೆದರು. ನಾನು ಹತ್ತಿ ಕೂತು ಕೀ ತಿರುಗಿಸಿದೆ. ಗೊರ್… ಎಂದು ಒಂದು ಸಲ ಎಳೆದು ನಿಂತಿತು. ಕಿಟಕಿಯಿಂದ ಬಗ್ಗಿ ನೋಡಿದೆ. ಅಕ್ಕ ಕಂಬಳಿ ಸರಿಸಿ ಪಾದವನ್ನೇ ನೋಡುತ್ತಿದ್ದಳು. ಇಲ್ಲವೆಂದು ತಲೆಯಾಡಿಸಿದಳು.

ಮತ್ತೆ ಬಿಸಿನೀರು, ಮತ್ತೆ ಗಾಳಿ ತೆಗೆಯುವುದು. ಎಷ್ಟು ಸಲ ಹೊಡೆದೆನೋ ಲೆಕ್ಕವಿಟ್ಟಿಲ್ಲ. ಬ್ಯಾಟರಿ ಇನ್ನೇನು ಸೋಲುತ್ತದೆ ಅನ್ನುವಾಗ ಇಂಜಿನ್ ಕೆಮ್ಮಿತು, ಶೆಡ್ಡಿನ ತುಂಬ ಬಿಳಿ ಹೊಗೆ ಕಾರಿ ಎದ್ದುಕೊಂಡಿತು. ತಗಡೆಲ್ಲ ಅದುರಿತು. ಬಜರ್ ಕಿರುಚಿತು. ನಾನು ಅಷ್ಟು ವರ್ಷ ಓಡಿಸಿದ ಗಾಡಿ, ಅದು ಅಷ್ಟು ಜೋರಾಗಿ ಬಡಿದುಕೊಂಡದ್ದನ್ನು ಎಂದೂ ಕೇಳಿರಲಿಲ್ಲ.

ಪಾದ ಅಲ್ಲಾಡಲಿಲ್ಲ.

ಅಕ್ಕ ಎರಡೂ ಕೈಯಿಂದ ಅದನ್ನು ಹಿಡಿದು ತಿಕ್ಕಿದಳು. "ತುಳೀರಿ! ಗಾಡಿ ಎದ್ದದೆ, ತುಳೀರಿ!" ಎಂದು ಕೂಗಿದಳು. ಬಜರ್ ನಿಂತಿತು. ಬಡಿತ ಮೆತ್ತಗಾಯಿತು. ಫುಸ್ಸೆಂದು ಗಾಳಿ ಹೊರಬಂತು. ಅಂಬಲಿಯ ಚಮಚ ತುಟಿಗಿಟ್ಟಳು, ಗದ್ದಕ್ಕೆ ಹರಿಯಿತು. ನಿಲ್ಲಿಸಲೇ ಎಂದು ನಾನು ಮೇಲಿನಿಂದ ಸನ್ನೆ ಮಾಡಿದೆ. ಆಕೆ ನನ್ನ ಕಡೆ ನೋಡಲಿಲ್ಲ. ಮೊಣಕಾಲೂರಿ ಅವರ ಮುಖದ ಹತ್ತಿರ ಬಗ್ಗಿ, ಇಂಜಿನ್ನಿನ ಸದ್ದನ್ನು ಮೀರಿಸುವ ಹಾಗೆ ಗಂಡನ ಹೆಸರು ಹಿಡಿದು ಕೂಗಿದಳು.

ನಮ್ಮ ಕಡೆ ಆ ವಯಸ್ಸಿನ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಆಸ್ಪತ್ರೆಯ ಚೀಟಿ ಬರೆಸುವಾಗಲೂ ಆ ಹೆಸರನ್ನು ನನ್ನ ಕೈಲಿ ಹೇಳಿಸಿದ್ದಳು. ಭಾಯಿ ಸ್ಪ್ಯಾನರ್ ಹಿಡಿದವರು ಹಾಗೇ ನಿಂತರು. ಅಕ್ಕ ಇನ್ನೊಂದು ಸಲ ಕರೆದಳು. ಮೂರನೆಯ ಸಲ ಕರೆಯುವಾಗ ಅದು ಕೂಗಾಗಿರಲಿಲ್ಲ, ಬಾಗಿಲಲ್ಲಿ ನಿಂತು ಒಳಗಿದ್ದವರನ್ನು ಕರೆದಂತಿತ್ತು.

ಸೂರಿನ ಕಡೆ ನೆಟ್ಟಿದ್ದ ಕಣ್ಣು ಸರಿದು ಆಕೆಯ ಮುಖಕ್ಕೆ ಬಂತು. ಅಲ್ಲೇ ನಿಂತಿತು. ಅಕ್ಕ ಚಮಚವನ್ನು ಮತ್ತೆ ತುಟಿಗಿಟ್ಟಳು. ಅವರ ಗಂಟಲು ಅಲ್ಲಾಡಿದ್ದನ್ನು ನಾನು ಕ್ಯಾಬಿನ್ನಿನಿಂದ ಕಂಡೆ. ಒಂದು ಗುಟುಕು ಒಳಗೆ ಹೋಯಿತು. ಎರಡನೆಯದು ಹೋಗಲಿಲ್ಲ. ಸ್ವಲ್ಪ ಹೊತ್ತು ಆಕೆಯನ್ನೇ ನೋಡುತ್ತಿದ್ದು ಕಣ್ಣು ಮುಚ್ಚಿಕೊಂಡರು.

ಮನೆಗೆ ಕರೆತಂದ ಮೇಲೆ ಅಕ್ಕ ಹಗಲೂ ರಾತ್ರಿ ಆ ಹೆಸರು ಕರೆದಳು. ಮತ್ತೆ ಕಣ್ಣು ತೆರೆಯಲಿಲ್ಲ. ಆ ವಾರ ಕಳೆಯುವುದರೊಳಗೆ ಹೋದರು.

ಆಮೇಲೆ ಹೋಟೆಲ್ ಮುಚ್ಚಿ ಅಕ್ಕ ತುರುವೇಕೆರೆಯ ಹತ್ತಿರ ತಂಗಿಯ ಊರಿಗೆ ಹೋದಳು. ನಾನು ಬಸ್ಸಿನ ಡ್ರೈವರಾಗಿ ಬೇರೆ ಕಡೆ ಸೇರಿಕೊಂಡೆ. ಒಮ್ಮೆ ರಜೆಯಲ್ಲಿ ನೋಡಲು ಹೋದೆ. ಮನೆ ರಸ್ತೆಯ ಬದಿಯಲ್ಲೇ ಇತ್ತು. ಅಕ್ಕ ಜಗುಲಿಯಲ್ಲಿ ಕೂತು ತೆಂಗಿನ ಗರಿಯಿಂದ ಪೊರಕೆ ಕಡ್ಡಿ ಸೀಳುತ್ತಿದ್ದಳು. ತುಂಬ ಇಳಿದುಹೋಗಿದ್ದಳು. ಊಟ ಆಯ್ತಾ, ಮಕ್ಕಳು ಹೇಗಿದಾರೆ ಎಂದೆಲ್ಲ ಕೇಳಿದಳು. ಆಮೇಲೆ ಕತ್ತಿ ಕೆಳಗಿಟ್ಟಳು.

"ಒಂದು ಕೇಳ್ತೀನಿ. ನಿಜ ಹೇಳ್ಬೇಕು. ಅವತ್ತು ಹೆಸ್ರಿಡ್ದು ಕರ್ದಾಗ ತಿರುಗಿ ನೋಡುದ್ರಲ್ಲ. ಮೊದ್ಲೇ ಕರ್ದಿದ್ರೆ?"

"ಹಂಗೆಲ್ಲ ಅನ್ಕೋಬೇಡಕ್ಕ. ಡಾಕ್ಟ್ರೇ ಹೇಳಿದ್ರಲ್ಲ."

"ಡಾಕ್ಟ್ರು ಅಲ್ಲಿರಲಿಲ್ಲ. ನೀನಿದ್ದೆ. ಅಷ್ಟ್ ವರ್ಷ ಕಂಡೋರ ಲಾರಿ ಮುಂದೆ ಕೈಮುಗ್ದು ನಿಂತೆ. ಆ ಹೆಸ್ರು ನನ್ ಬಾಯಲ್ಲೇ ಇತ್ತಲ್ಲಪ್ಪ. ಮೊದ್ಲೇ ಕರ್ದಿದ್ರೆ ಉಣ್ತಿದ್ರಾ ಇಲ್ವಾ? ಹೇಳು."

ಆ ಗುಟುಕು ಇಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಕೆಳಗೆ ಬಿದ್ದಿದ್ದ ಪೊರಕೆ ಕಡ್ಡಿಗಳನ್ನು ಒಂದೊಂದಾಗಿ ಆಯತೊಡಗಿದೆ. ಅಕ್ಕ ನನ್ನ ಮುಖ ನೋಡುತ್ತಲೇ ಇದ್ದಳು. ಕೊನೆಗೆ ಎದ್ದು ಒಳಗೆ ಹೋಗಿ ಮಜ್ಜಿಗೆ ತಂದು ಕೈಗೆ ಕೊಟ್ಟಳು. "ಕುಡಿ. ಬಸ್ಸು ಬರೋ ಹೊತ್ತಾಯ್ತು."

ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತು ಹೊರಗೆ ನೋಡಿದೆ. ಅಕ್ಕ ಜಗುಲಿಯ ಕಂಬ ಹಿಡಿದು ನಿಂತಿದ್ದಳು. ಆಕೆಯ ತುಟಿ ಅಲ್ಲಾಡುತ್ತಿತ್ತು. ನನಗೇನೋ ಹೇಳುತ್ತಿದ್ದಾಳೆಂದುಕೊಂಡು ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಆಕೆ ನನ್ನನ್ನು ಕರೆಯುತ್ತಿರಲಿಲ್ಲ.